ಹೊರದೇಶದ ದುಡ್ಡು, ಹೊರದೇಶದ ಸಂತೆ: ಮಂಡ್ಯ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದ ಕಾಲೇಜೊಂದರಲ್ಲಿ ಬಹಳ ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವನು ನಾನು. ನಿವೃತ್ತಿಯಾದ ಮೇಲೂ ಪ್ರಶ್ನೆಗಳು ನಿಂತಿಲ್ಲ. ಡೇರಿ ಜಗುಲಿಯಲ್ಲಿ, ಆಲೆಮನೆ ಮುಂದೆ, ಮದುವೆ ಮನೆಯ ಪಂಕ್ತಿಯಲ್ಲಿ, ಹಳೆಯ ವಿದ್ಯಾರ್ಥಿಗಳ ಕಾಗದಗಳಲ್ಲಿ ಅವೇ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೇಳಿದವರ ಮಾತನ್ನೇ ತಲೆಬರಹವಾಗಿ ಉಳಿಸಿಕೊಂಡು, ಸುಲಭದ್ದನ್ನು ಮೊದಲಿಟ್ಟು, ಉತ್ತರಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಒಂದನ್ನು ಓದಿ ಇನ್ನೊಂದನ್ನು ಬಿಟ್ಟರೂ ಅರ್ಥವಾಗುತ್ತದೆ.

## ಬುನಾದಿ

ಸಾ, ಈ ಫಾರಿನ್ ನೆರವು ಅಂತಾರಲ್ಲ, ಅದು ಪುಕ್ಸಟ್ಟೆ ದುಡ್ಡಾ, ಸಾಲವಾ?

ಎರಡೂ ಇದೆ. ಎರಡಕ್ಕೂ ‘ನೆರವು’ ಎಂಬ ಒಂದೇ ಹೆಸರಿರುವುದರಿಂದ ಗೊಂದಲವಾಗುತ್ತದೆ. ವಾಪಸ್ ಕೊಡಬೇಕಿಲ್ಲದ ಹಣ ಅನುದಾನ. ಕಡಿಮೆ ಬಡ್ಡಿಗೆ, ದೊಡ್ಡ ಗಡುವಿಗೆ ಕೊಟ್ಟದ್ದು ರಿಯಾಯಿತಿ ಸಾಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯನ್ನೇ ನೋಡಿ. ಅಲ್ಲಿಂದ ಬೆಂಗಳೂರಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ಹೆಚ್ಚುವರಿಯಾಗಿ ಒಯ್ಯುವ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಅದಕ್ಕೆ ಜಪಾನಿನ ಜೈಕಾ ಸಂಸ್ಥೆ ಕೊಟ್ಟದ್ದು ಸಾಲ. ಬಡ್ಡಿ ಹಗುರ ನಿಜ, ಆದರೆ ತೀರಿಸಲೇಬೇಕು.

ಇನ್ನೊಂದು ವಿಷಯ. ಶ್ರೀಮಂತ ದೇಶ ತನ್ನ ನೆಲಕ್ಕೆ ಬಂದ ನಿರಾಶ್ರಿತರಿಗೆ ಮೊದಲ ವರ್ಷ ಮಾಡುವ ಖರ್ಚನ್ನೂ, ತನ್ನದೇ ಸಲಹೆಗಾರರಿಗೆ ಕೊಡುವ ಸಂಬಳವನ್ನೂ ನೆರವಿನ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಹಾಗಾಗಿ ‘ಇಷ್ಟು ಕೊಟ್ಟೆವು’ ಎಂಬ ಅಂಕಿ ಕಂಡ ಕೂಡಲೇ ಅಷ್ಟೂ ಹಣ ಬಡದೇಶ ತಲುಪಿತು ಎಂದುಕೊಳ್ಳಬೇಡಿ.

ದೊಡ್ಡ ದೇಶಗಳು ತಮ್ಮ ಬಜೆಟ್‌ನಲ್ಲಿ ಕಾಲು ಭಾಗನಾದ್ರೂ ಕೊಡ್ತವಾ?

ಇಲ್ಲ, ಅದರ ಹತ್ತಿರಕ್ಕೂ ಬರುವುದಿಲ್ಲ. ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ಕೊಡಬೇಕು ಎಂದು ವಿಶ್ವಸಂಸ್ಥೆಯ ಮಹಾಸಭೆ 1970ರಲ್ಲಿ ಗುರಿ ಇಟ್ಟಿತು. ಅಂದರೆ ನೂರು ರೂಪಾಯಿ ದುಡಿಮೆಯಲ್ಲಿ ಎಪ್ಪತ್ತು ಪೈಸೆ. ಆ ಮಾತನ್ನು ದಶಕಗಳ ಕಾಲ ಉಳಿಸಿಕೊಂಡದ್ದು ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಲಕ್ಸೆಂಬರ್ಗ್‌ನಂಥ ಕೆಲವೇ ದೇಶಗಳು. ಬ್ರಿಟನ್ 2013ರಲ್ಲಿ ಗುರಿ ಮುಟ್ಟಿ, 2021ರಲ್ಲಿ ಶೇ 0.5ಕ್ಕೆ ಇಳಿಯಿತು, 2027ಕ್ಕೆ ಶೇ 0.3ಕ್ಕೆ ಇಳಿಸುವುದಾಗಿ ಘೋಷಿಸಿದೆ. 2024ರಲ್ಲಿ ಎಲ್ಲ ಶ್ರೀಮಂತ ದೇಶಗಳು ಸೇರಿ ಕೊಟ್ಟದ್ದು ಸುಮಾರು 21,200 ಕೋಟಿ ಡಾಲರ್, ನೂರಕ್ಕೆ ಮೂವತ್ಮೂರು ಪೈಸೆ.

ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಟ್ಟು ನೋಡಿ. ಹೊರದೇಶಗಳಲ್ಲಿ ದುಡಿಯುವ ಭಾರತೀಯರು ಅದೇ 2024ರಲ್ಲಿ ಮನೆಗೆ ಕಳಿಸಿದ ಹಣ ವಿಶ್ವಬ್ಯಾಂಕ್ ಅಂದಾಜಿನಂತೆ ಸುಮಾರು 12,900 ಕೋಟಿ ಡಾಲರ್. ಇಡೀ ಜಗತ್ತಿನ ನೆರವಿನ ಅರ್ಧಕ್ಕಿಂತ ಹೆಚ್ಚು. ದುಬೈನಲ್ಲಿ ಗಾಡಿ ಓಡಿಸುವ ಹುಡುಗನೂ ಕುವೈತಿನ ಆಸ್ಪತ್ರೆಯ ನರ್ಸಮ್ಮನೂ ಸೇರಿ ಕಳಿಸಿದ್ದು ಅದು. ಯಾವ ಫಲಕದ ಮೇಲೂ ಅವರ ಹೆಸರು ಬರುವುದಿಲ್ಲ.

ದಿನಕ್ಕೆ ಮೂರು ಡಾಲರ್ ಅಂದ್ರೆ ಇನ್ನೂರೈವತ್ತು ರೂಪಾಯಿ. ನಮ್ಮ ಹಳ್ಳೀಲಿ ಅಷ್ಟಿದ್ರೆ ಬಡವ ಅಂತ ಯಾರು ಕರೀತಾರೆ?

ಈ ತಪ್ಪನ್ನು ನನ್ನ ತರಗತಿಯಲ್ಲಿ ಪ್ರತಿ ವರ್ಷವೂ ಯಾರಾದರೂ ಮಾಡುತ್ತಿದ್ದರು. ವಿಶ್ವಬ್ಯಾಂಕಿನ ಕಡುಬಡತನದ ಗೆರೆಯಲ್ಲಿರುವ ಮೂರು ಡಾಲರ್ ಬ್ಯಾಂಕಿನಲ್ಲಿ ಸಿಗುವ ಡಾಲರ್ ಅಲ್ಲ. ಅಮೆರಿಕದಲ್ಲಿ ಮೂರು ಡಾಲರಿಗೆ ಎಷ್ಟು ಸಾಮಾನು ಬರುತ್ತದೋ ಅಷ್ಟೇ ಸಾಮಾನನ್ನು ಇಲ್ಲಿ ಕೊಳ್ಳಲು ಬೇಕಾಗುವ ರೂಪಾಯಿ ಎಂದು ಅರ್ಥ. ಇಲ್ಲಿ ಕ್ಷೌರವೂ ಅಗ್ಗ, ಸೊಪ್ಪೂ ಅಗ್ಗ. ಹಾಗೆ ಲೆಕ್ಕ ಹಾಕಿದರೆ ಆ ಗೆರೆ 2021ರ ಬೆಲೆಯಲ್ಲಿ ತಲೆಗೆ ದಿನಕ್ಕೆ ಅರವತ್ತು ರೂಪಾಯಿಯ ಆಸುಪಾಸು. ಅದರೊಳಗೆ ಹಿಟ್ಟು, ಎಣ್ಣೆ, ಬಟ್ಟೆ, ಬಸ್ಸು, ಔಷಧಿ ಎಲ್ಲವೂ ಆಗಬೇಕು.

ವಿಶ್ವಬ್ಯಾಂಕ್ ಈ ಗೆರೆಯನ್ನು 2.15 ಡಾಲರಿನಿಂದ 3 ಡಾಲರಿಗೆ ಏರಿಸಿದ್ದು 2025ರ ಜೂನ್‌ನಲ್ಲಿ. ಹೊಸ ಗೆರೆಯಂತೆ ಭಾರತದ ಕಡುಬಡವರ ಪ್ರಮಾಣ 2011–12ರಲ್ಲಿ ಶೇ 27.1 ಇದ್ದದ್ದು 2022–23ರಲ್ಲಿ ಶೇ 5.3ಕ್ಕೆ ಇಳಿದಿದೆ. ಇದು ದೊಡ್ಡ ಇಳಿಕೆ. ಆದರೆ ಗೆರೆ ದಾಟಿದವರೆಲ್ಲ ನೆಮ್ಮದಿಯಾಗಿದ್ದಾರೆ ಎಂದಲ್ಲ. ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ಮತ್ತೆ ಗೆರೆಯ ಕೆಳಗೆ ಜಾರುವವರನ್ನು ನಾನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ.

## ನಮ್ಮ ಕಡೆಯ ಅನುಭವ

ನಮ್ಮಪ್ಪ ‘ಅಮೆರಿಕಾದವರ ಉಪ್ಪಿಟ್ಟು ತಿಂದು ಇಸ್ಕೂಲು ಓದಿದ್ದು’ ಅಂತಿದ್ರು. ಅವರು ಸುಮ್ಮನೆ ಕೊಟ್ರಾ?

ಶಾಲೆಯ ಉಪ್ಪಿಟ್ಟಿನ ರವೆ, ಹಾಲಿನ ಪುಡಿ ಅಮೆರಿಕದ ‘ಕೇರ್’ ಎಂಬ ಸೇವಾ ಸಂಸ್ಥೆಯ ಮೂಲಕ ದಾನವಾಗಿಯೇ ಬಂದವು. ಆ ಹಳದಿ ಉಪ್ಪಿಟ್ಟಿನ ವಾಸನೆ ನನಗೂ ನೆನಪಿದೆ. ಅದಕ್ಕಾಗಿಯೇ ಶಾಲೆಗೆ ಬರುತ್ತಿದ್ದ ಗೆಳೆಯರಿದ್ದರು. ಆದರೆ ರೇಷನ್ ಅಂಗಡಿಗೆ ಬಂದ ಗೋಧಿಯ ಕಥೆ ಬೇರೆ. 1954ರ ಪಿ.ಎಲ್. 480 ಎಂಬ ಕಾನೂನಿನಡಿ ಅಮೆರಿಕ ತನ್ನಲ್ಲಿ ಮಿಕ್ಕ ಧಾನ್ಯವನ್ನು ನಮಗೆ ಮಾರಿತು. ಮೊದಲ ಒಪ್ಪಂದ 1956ರಲ್ಲಿ. ನಾವು ಡಾಲರಿನ ಬದಲು ರೂಪಾಯಿ ಕೊಡಬಹುದಿತ್ತು, ಅದೇ ದೊಡ್ಡ ಉಪಕಾರ. ಹೀಗೆ ಅಮೆರಿಕದ ಲೆಕ್ಕದಲ್ಲಿ ಇಲ್ಲಿ ರಾಶಿ ಬಿದ್ದ ರೂಪಾಯಿಯಲ್ಲಿ ದೊಡ್ಡ ಪಾಲನ್ನು 1974ರಲ್ಲಿ ಅವರು ಬಿಟ್ಟುಕೊಟ್ಟರು.

1965–66ರ ಬರದಲ್ಲಿ ಹಸಿವು ನೀಗಿಸಿದ್ದು ಆ ಗೋಧಿಯೇ. ಅದನ್ನು ಮರೆಯುವುದು ಸರಿಯಲ್ಲ. ಅದೇ ಹೊತ್ತಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಹಡಗುಗಳನ್ನು ತಿಂಗಳು ತಿಂಗಳಿಗೆ ಲೆಕ್ಕ ಹಾಕಿ ಬಿಡುತ್ತಿದ್ದರು. ವಿಯೆಟ್ನಾಂ ಯುದ್ಧದ ಬಗ್ಗೆ ನಾವು ಏನು ಮಾತಾಡುತ್ತೇವೆ ಎಂಬುದೂ ಆ ಲೆಕ್ಕದಲ್ಲಿತ್ತು. ಆ ಕಹಿಯೇ ಕೃಷಿ ಸಚಿವ ಸಿ. ಸುಬ್ರಮಣಿಯಂ ಅವರನ್ನು 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಗೋಧಿ ತರಿಸುವಂತೆ ಮಾಡಿತು. ಕಾಳು ಬಂದದ್ದು ಒಂದು ಬರವನ್ನು ದಾಟಿಸಿತು. ಬೀಜ ಬಂದದ್ದು ಮುಂದಿನ ಬರಗಳನ್ನೂ.

ನಂದಿನಿ ಹಾಲಿಗೂ ವರ್ಲ್ಡ್ ಬ್ಯಾಂಕಿಗೂ ನಂಟು ಐತಂತೆ, ನಿಜವಾ?

ನಿಜ. ನೆರವಿನ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಕಥೆಯೂ ಇದೇ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1960ರ ದಶಕದ ಕೊನೆಗೆ ಯುರೋಪಿನಲ್ಲಿ ಹಾಲಿನ ಪುಡಿ, ಬೆಣ್ಣೆ ಗೋದಾಮು ತುಂಬಿ ಬಿದ್ದಿದ್ದವು. ಅಲ್ಲಿನ ಸರ್ಕಾರಗಳು ತಮ್ಮ ರೈತರಿಂದ ಬೆಂಬಲ ಬೆಲೆ ಕೊಟ್ಟು ಕೊಂಡ ಮಾಲು ಅದು. ಅದನ್ನು ಬಡದೇಶಗಳಿಗೆ ಬಿಟ್ಟಿ ಹಂಚಿದ್ದರೆ ಏನಾಗುತ್ತಿತ್ತು? ಪಟ್ಟಣದಲ್ಲಿ ಬಿಟ್ಟಿ ಹಾಲು ಸಿಗುವಾಗ ಹಳ್ಳಿಯ ಹಾಲನ್ನು ಕೇಳುವವರೇ ಇರುತ್ತಿರಲಿಲ್ಲ. ವರ್ಗೀಸ್ ಕುರಿಯನ್ ನೇತೃತ್ವದ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಬೇರೆ ದಾರಿ ಹಿಡಿಯಿತು. ವಿಶ್ವ ಆಹಾರ ಕಾರ್ಯಕ್ರಮದ ಮೂಲಕ 1.26 ಲಕ್ಷ ಟನ್ ಹಾಲಿನ ಪುಡಿ, 42,000 ಟನ್ ಬಟರ್ ಆಯಿಲ್ ಪಡೆಯುವ ಒಪ್ಪಂದವಾಯಿತು. ಅದನ್ನು ಹಂಚಲಿಲ್ಲ. ನೀರು ಬೆರೆಸಿ ಮತ್ತೆ ಹಾಲು ಮಾಡಿ ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗಳಲ್ಲಿ ಬೆಲೆಗೇ ಮಾರಿದರು. ಬಂದ ಹಣದಲ್ಲಿ ಹಳ್ಳಿಗಳಲ್ಲಿ ಸಹಕಾರ ಸಂಘ, ಶೀತಲೀಕರಣ ಕೇಂದ್ರ, ಟ್ಯಾಂಕರುಗಳು ಆದವು. 1970ರಲ್ಲಿ ಶುರುವಾದ ಕ್ಷೀರ ಕ್ರಾಂತಿಯ ಬಂಡವಾಳ ಹೀಗೆ ಹುಟ್ಟಿತು.

ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಹೈನು ಯೋಜನೆಗಾಗಿ ಒಂದು ನಿಗಮ ಸ್ಥಾಪನೆಯಾಯಿತು. ಅದೇ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯಿತು, ಅಂದರೆ ನಂದಿನಿ ಹಾಲು ಮಾರುವ ಇಂದಿನ ಕೆಎಂಎಫ್. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿರುವ ಮನ್‌ಮುಲ್ (ಮಂಡ್ಯ ಜಿಲ್ಲಾ ಹಾಲು ಒಕ್ಕೂಟ) ಡೇರಿ ಆ ಸಂಸಾರದ್ದೇ.

ಸಂಘ ಬರುವ ಮುಂಚೆ ನಮ್ಮ ಮನೆಯ ಎಮ್ಮೆ ಹಾಲು ಪೇಟೆಯ ಹೋಟೆಲೊಂದಕ್ಕೆ ಹೋಗುತ್ತಿತ್ತು. ಅಳತೆಯೂ ಅವರದೇ, ಬೆಲೆಯೂ ಅವರದೇ. ಹಬ್ಬ ಕಳೆದರೆ ‘ನಾಳೆಯಿಂದ ಬೇಡ’ ಎನ್ನುತ್ತಿದ್ದರು. ಸಂಘ ಬಂದ ಮೇಲೆ ನಮ್ಮವ್ವ ಫ್ಯಾಟು ನೋಡಿಸಿಕೊಂಡು ಚೀಟಿ ಹಿಡಿದು ಬರುತ್ತಿದ್ದಳು. ಬಟವಾಡೆ ದಿನ ಅವಳ ಕೈಗೆ ದುಡ್ಡು. ನನ್ನ ಕಾಲೇಜು ಫೀಸು ಹೊರಟದ್ದು ಆ ಚೀಟಿಗಳಿಂದ. ಹೊರಗಿನ ಹಣ ಬಂತು, ಹೋಯಿತು. ಸಂಘ, ಅದರ ಪುಸ್ತಕ, ಅದರ ಚುನಾವಣೆ ಊರಲ್ಲಿ ಉಳಿದವು. ಯಾವುದೇ ನೆರವನ್ನು ನಾನು ಈಗಲೂ ಅಳೆಯುವುದು ಆ ಚೀಟಿಯಿಂದಲೇ: ಕೊಟ್ಟವರು ಎದ್ದು ಹೋದ ಮೇಲೆ ಊರಿನವರ ಕೈಯಲ್ಲಿ ಏನು ಉಳಿಯಿತು?

ಕುಂದುಗಳೂ ಇವೆ. ನೀರಾವರಿ ಇದ್ದವರಿಗೆ ಹಸಿಮೇವು ಸುಲಭ, ಹಾಗಾಗಿ ನಾಲೆ ಬಯಲಿನವರಿಗೆ ಸಿಕ್ಕ ಲಾಭ ನಾಗಮಂಗಲದ ಒಣಭೂಮಿಯವರಿಗೆ ಅಷ್ಟಾಗಿ ಸಿಗಲಿಲ್ಲ. ಸೀಮೆಹಸು ಬಂದು ಹಳ್ಳಿಕಾರ್ ತಳಿ ಹಿಂದೆ ಸರಿಯಿತು. ಸಂಘಗಳಲ್ಲಿ ರಾಜಕೀಯ ಹೊಕ್ಕಿದ್ದೂ ಸುಳ್ಳಲ್ಲ.

ಕನ್ನಂಬಾಡಿ ಕಟ್ಟೆಗೂ ಹೊರಗಿಂದ ಸಾಲ ತಂದಿದ್ರಾ?

ವಿಶ್ವಬ್ಯಾಂಕ್ ಹುಟ್ಟುವ ಮುಂಚಿನ ಮಾತು ಅದು. 1911ರಲ್ಲಿ ಕೆಲಸ ಶುರುವಾಗಿ 1930ರ ದಶಕದ ಆರಂಭಕ್ಕೆ ಮುಗಿದ ಆ ಅಣೆಕಟ್ಟೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸರ್ಕಾರದ ಹೊಣೆಯಲ್ಲೇ ಎದ್ದಿತು. ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದಿಂದ ಮಾರುತ್ತಿದ್ದ ವಿದ್ಯುತ್ತಿಗೆ ವರ್ಷವಿಡೀ ನೀರು ಬೇಕಿತ್ತು. ಕಟ್ಟೆಯ ಆದಾಯದ ಲೆಕ್ಕದಲ್ಲಿ ಅದೂ ಸೇರಿತ್ತು.

ಹೊರಗಿನಿಂದ ತಂದದ್ದು ತಿಳಿವಳಿಕೆ. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಾರಣರಾದ ಲೆಸ್ಲಿ ಕೋಲ್ಮನ್ ಕೆನಡಾದವರು. ಆದರೆ ಅವರು ಮೈಸೂರು ಸರ್ಕಾರದ ಸಂಬಳದಲ್ಲಿದ್ದ ಕೃಷಿ ನಿರ್ದೇಶಕರು, ಉತ್ತರ ಹೇಳಬೇಕಿದ್ದದ್ದು ಮೈಸೂರಿಗೆ. ಇವತ್ತು ಬರುವ ಎಷ್ಟೋ ಪರಿಣತರು ಉತ್ತರ ಹೇಳಬೇಕಿರುವುದು ತಮ್ಮ ದೇಶದ ಕಚೇರಿಗೆ. ನನ್ನ ಮಟ್ಟಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

## ಸಂತೆಯ ಲೆಕ್ಕ

ನಮ್ಮ ಕಬ್ಬಿನ ರೇಟಿನ ಮೇಲೆ ಬ್ರೆಜಿಲ್‌ನೋರು ಕೇಸು ಹಾಕಿದ್ದು ಯಾಕೆ? ಅವರಿಗೂ ನಮಗೂ ಏನು?

ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ದೇಶಗಳು 2019ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. ಭಾರತ ಕಬ್ಬಿಗೆ ಮಿತಿಮೀರಿ ಬೆಂಬಲ ಕೊಡುತ್ತಿದೆ, ಅದರಿಂದ ಸಕ್ಕರೆ ಹೆಚ್ಚಾಗಿ, ರಫ್ತು ಸಹಾಯಧನದ ಬಲದಲ್ಲಿ ಜಗತ್ತಿನ ಮಾರುಕಟ್ಟೆಗೆ ಬಂದು ಬೆಲೆ ಬೀಳುತ್ತಿದೆ ಎಂಬುದು ಅವರ ವಾದ. ಎಫ್‌ಆರ್‌ಪಿಯನ್ನು, ಅಂದರೆ ಕಬ್ಬಿಗೆ ಕೇಂದ್ರ ಗೊತ್ತುಮಾಡುವ ಕನಿಷ್ಠ ದರವನ್ನು, ಸರ್ಕಾರ ತನ್ನ ಬೊಕ್ಕಸದಿಂದ ಕೊಡುವುದಿಲ್ಲ, ಕಾರ್ಖಾನೆ ಕೊಡುತ್ತದೆ ಎಂಬುದು ಭಾರತದ ವಾದ. 2021ರ ಡಿಸೆಂಬರ್‌ನಲ್ಲಿ ತೀರ್ಪು ನಮ್ಮ ವಿರುದ್ಧ ಬಂತು. ಭಾರತ ಮೇಲ್ಮನವಿ ಹಾಕಿತು. ಅಮೆರಿಕ ಸದಸ್ಯರ ನೇಮಕಕ್ಕೆ ತಡೆ ಒಡ್ಡಿದ್ದರಿಂದ ಆ ಮೇಲ್ಮನವಿ ಪೀಠ 2019ರ ಕೊನೆಯಿಂದಲೇ ಕೆಲಸ ಮಾಡುತ್ತಿರಲಿಲ್ಲ.

ರೈತರು ತಿಳಿಯಬೇಕಾದ ಒಳಸುಳಿ ಒಂದಿದೆ. ಬೆಂಬಲ ಎಷ್ಟು ಹೆಚ್ಚು ಎಂದು ಅಳೆಯುವಾಗ ಇಂದಿನ ಬೆಲೆಯನ್ನು ಹೋಲಿಸುವುದು 1986–88ರ ಬೆಲೆಗೆ. 2025–26ರ ಎಫ್‌ಆರ್‌ಪಿ ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಡೀಸೆಲ್, ಗೊಬ್ಬರ, ಕಟಾವು ಕೂಲಿ ಎಲ್ಲ ಏರಿದ ಮೇಲಿನ ಈ ದರವನ್ನು ನಲವತ್ತು ವರ್ಷ ಹಿಂದಿನ ತಕ್ಕಡಿಯಲ್ಲಿ ತೂಗಿದರೆ ‘ಮಿತಿಮೀರಿದ ಬೆಂಬಲ’ ಎಂದೇ ಕಾಣುತ್ತದೆ. ಇದು ಅನ್ಯಾಯ ಎಂದೇ ನನ್ನ ನಂಬಿಕೆ.

ಆದರೂ ಬ್ರೆಜಿಲ್‌ನವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. 2005ರಲ್ಲಿ ಇದೇ ಬ್ರೆಜಿಲ್ ಯುರೋಪಿನ ಸಕ್ಕರೆ ರಫ್ತು ಸಹಾಯಧನದ ವಿರುದ್ಧ ಗೆದ್ದಾಗ ಬಡದೇಶಗಳ ಪರ ಇದ್ದವರೆಲ್ಲ ಚಪ್ಪಾಳೆ ತಟ್ಟಿದ್ದೆವು. ಆಗ ಸರಿಯಾದ ತತ್ವ ಈಗ ನಮ್ಮ ಬಾಗಿಲಿಗೆ ಬಂದಾಗ ತಪ್ಪಾಗಿಬಿಡುವುದಿಲ್ಲ.

ಚೀನಾ ರೇಷ್ಮೆ ಬಂದು ಗೂಡಿನ ಬೆಲೆ ಬಿತ್ತು. ಆಮದು ನಿಲ್ಲಿಸಿಬಿಟ್ರೆ ಮುಗೀತಲ್ವಾ?

ಸುಂಕಕ್ಕೆ ಎಷ್ಟು ಶಕ್ತಿ ಇದೆ ಎಂಬುದನ್ನು ನಮ್ಮ ಹುಳು ಮನೆಗಳೇ ಕಂಡಿವೆ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಗೂಡಿನ ಬೆಲೆ ಕುಸಿಯಿತು. ಹಿಪ್ಪುನೇರಳೆ ಕಿತ್ತವರೂ ಇದ್ದರು. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು. ಹೈಟಿ ದೇಶದ ಕಥೆ ಇನ್ನೂ ಕಠೋರ. 1995ರಲ್ಲಿ ಅಲ್ಲಿ ಅಕ್ಕಿಯ ಸುಂಕವನ್ನು ಶೇ 3ಕ್ಕೆ ಇಳಿಸಲಾಯಿತು. ಸಹಾಯಧನ ಪಡೆದ ಅಮೆರಿಕದ ಅಕ್ಕಿ ನುಗ್ಗಿ ಸ್ಥಳೀಯ ಭತ್ತದ ಬೇಸಾಯ ನೆಲ ಕಚ್ಚಿತು. ಅದು ತಪ್ಪಾಗಿತ್ತು ಎಂದು, ಆಗ ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ 2010ರಲ್ಲಿ ತಮ್ಮ ದೇಶದ ಸೆನೆಟ್ ಸಮಿತಿಯ ಮುಂದೆ ಒಪ್ಪಿಕೊಂಡರು.

ಆದರೆ ಪೂರ್ತಿ ನಿಲ್ಲಿಸುವುದೂ ಪರಿಹಾರವಲ್ಲ. ಮಗ್ಗದವರಿಗೆ ಒಂದೇ ಸಮನಾದ, ಕಡಿಯದ ನೂಲು ಬೇಕು. ಅದು ಇಲ್ಲಿ ಸಿಗದಿದ್ದರೆ ಅವರ ಮಗ್ಗ ನಿಲ್ಲುತ್ತದೆ. ಸುಂಕ ನಮಗೆ ಸಮಯ ಕೊಡುತ್ತದೆ, ಗುಣಮಟ್ಟ ಕೊಡುವುದಿಲ್ಲ. ಗುಣಮಟ್ಟಕ್ಕಾಗಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ 1991ರಿಂದ ಜೈಕಾ ಜೊತೆ ದ್ವಿತಳಿ ಗೂಡಿನ ಮೇಲೆ ಕೆಲಸ ಮಾಡಿತು. ಸಿಎಸ್‌ಆರ್ 2 × ಸಿಎಸ್‌ಆರ್ 4 ಎಂದು ರೈತರು ಕರೆಯುವ ಬಿಳಿ ಗೂಡು ಅದರ ಫಲ.

ಕಚ್ಚಾ ಮಾಲು ಇರೋ ದೇಶ ಬಡವಾಗೇ ಉಳೀತದಲ್ಲ, ಅದ್ಯಾಕೆ?

ಮೈಸೂರಿನ ಶ್ರೀಗಂಧವನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಮೊದಲ ಮಹಾಯುದ್ಧದ ಮುಂಚೆ ನಮ್ಮ ಗಂಧದ ಕೊರಡುಗಳು ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಯುದ್ಧ ಶುರುವಾಗಿ ಹಡಗು ನಿಂತಾಗ ಕೊರಡುಗಳು ರಾಶಿ ಬಿದ್ದವು. ಆಗ ಮೈಸೂರು ಸರ್ಕಾರ ತಾನೇ ಎಣ್ಣೆ ತೆಗೆಯುವ ಕಾರ್ಖಾನೆ ಹಾಕಿತು: 1916ರಲ್ಲಿ ಬೆಂಗಳೂರು, ಮರುವರ್ಷ ಮೈಸೂರು. ಬೆನ್ನಿಗೇ ಮೈಸೂರು ಸ್ಯಾಂಡಲ್ ಸೋಪು. ಕೊರಡು ಮಾರುವವರು ಎಣ್ಣೆ ಮಾರುವವರಾದರು.

ಈ ದಾರಿಯನ್ನು ಎಷ್ಟೋ ದೇಶಗಳಿಗೆ ಸುಂಕದ ಏಣಿಯೇ ಅಡ್ಡಗಟ್ಟುತ್ತದೆ. ಯುರೋಪ್ ಒಕ್ಕೂಟದ ಸಾಮಾನ್ಯ ದರದಲ್ಲಿ ಹಸಿ ಕಾಫಿ ಬೀಜಕ್ಕೆ ಸುಂಕವಿಲ್ಲ, ಹುರಿದ ಕಾಫಿಗೆ ಶೇ 7.5. ಒಂದು ಕಾಫಿ ಗಿಡವೂ ಬೆಳೆಯದ ಜರ್ಮನಿ ಹುರಿದ ಕಾಫಿಯನ್ನು ದೊಡ್ಡ ಪ್ರಮಾಣದಲ್ಲಿ ರಫ್ತು ಮಾಡುತ್ತದೆ. ಐವರಿ ಕೋಸ್ಟ್, ಘಾನಾ ಎರಡೇ ದೇಶಗಳು ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಕೋ ಬೆಳೆದರೂ ಚಾಕೊಲೇಟಿನ ದೊಡ್ಡ ಹೆಸರುಗಳಾವುವೂ ಅಲ್ಲಿನವಲ್ಲ. ಕಚ್ಚಾ ಮಾಲಿನ ಬೆಲೆ ಒಂದೇ ವರ್ಷದಲ್ಲಿ ಅರ್ಧವಾಗಬಹುದು. ಬ್ರೆಜಿಲ್, ಜಿಂಬಾಬ್ವೆಯ ಬೆಳೆ ಹೇಗಿದೆ ಎಂದು ವಿಚಾರಿಸಿಕೊಂಡು ಹರಾಜಿಗೆ ಹೋಗುವ ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರಿಗೆ ಇದನ್ನು ನಾನು ವಿವರಿಸಬೇಕಿಲ್ಲ.

ನಾನು ಮದ್ದೂರಿನ ಹತ್ರ ಗಾರ್ಮೆಂಟ್ಸ್‌ಗೆ ಹೋಗ್ತೀನಿ. ಅಮೆರಿಕಾದವರು ಟ್ಯಾಕ್ಸ್ ಹಾಕಿದ್ರೆ ನಮಗ್ಯಾಕೆ ಓಟಿ ನಿಲ್ಲಿಸ್ತಾರೆ?

ನೀವು ಹೊಲಿಯುವ ಅಂಗಿಗೆ ಆರ್ಡರ್ ಕೊಡುವವರು ದೇಶ ದೇಶದ ಬೆಲೆ ಹೋಲಿಸಿ ನೋಡುತ್ತಾರೆ, ಅದಕ್ಕೇ ತಂಗ್ಯಮ್ಮ. 2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಬಹುತೇಕ ಸರಕುಗಳ ಮೇಲಿನ ಹೆಚ್ಚುವರಿ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ಪಕ್ಕದ ದೇಶಗಳ ಅಂಗಿ ಅಗ್ಗವಾಯಿತು. ಬಾಂಗ್ಲಾದೇಶ ಅತಿ ಹಿಂದುಳಿದ ದೇಶಗಳ ಪಟ್ಟಿಯಲ್ಲಿದ್ದ ಕಾರಣ 2001ರಿಂದ ಯುರೋಪಿಗೆ ಸುಂಕವಿಲ್ಲದೆ ಬಟ್ಟೆ ಕಳಿಸಿತು. ಲಕ್ಷಾಂತರ ಹೆಣ್ಣುಮಕ್ಕಳಿಗೆ ಮೊದಲ ಸಂಬಳ ಸಿಕ್ಕಿದ್ದು ಅದರಿಂದ. ಅದೇ ದೇಶದಲ್ಲಿ 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು, ಆದರೂ ಕೆಲಸಕ್ಕೆ ಕರೆದಿದ್ದರು.

ಗಾರ್ಮೆಂಟ್ಸ್ ಕೆಲಸ ಬೇಡ ಎನ್ನುವವರ ಜೊತೆ ನಾನಿಲ್ಲ. ಗದ್ದೆ ಕೂಲಿಗೆ ಹೋಲಿಸಿ ನೀವೇ ಅದನ್ನು ಆರಿಸಿಕೊಂಡಿದ್ದೀರಿ. ಆದರೆ ಸುಂಕ ಏರಿದಾಗ ಮೊದಲು ಮುರಿಯುವುದು ನಿಮ್ಮ ಓಟಿ, ಸುಂಕ ಇಳಿದಾಗ ಕೊನೆಗೆ ಏರುವುದು ನಿಮ್ಮ ಸಂಬಳ. ಪಿಎಫ್, ಇಎಸ್‌ಐ ಚೀಟಿ ಜೋಪಾನವಾಗಿಡಿ, ಸಂಘ ಇದ್ದರೆ ಸೇರಿ.

ನಾವು ಅಕ್ಕಿ ರಫ್ತು ನಿಲ್ಲಿಸಿದ್ರೆ ಬೇರೆಯವರಿಗೇನು ತೊಂದರೆ? ಮೊದಲು ನಮ್ಮ ಹೊಟ್ಟೆ.

ಜಗತ್ತಿನಲ್ಲಿ ಮಾರಾಟವಾಗುವ ಅಕ್ಕಿಯಲ್ಲಿ ಹತ್ತರಲ್ಲಿ ನಾಲ್ಕು ಪಾಲು ಭಾರತದ್ದು. 2023ರ ಜುಲೈನಿಂದ 2024ರ ಸೆಪ್ಟೆಂಬರ್‌ವರೆಗೆ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧವಾದಾಗ ಜಗತ್ತಿನ ಅಕ್ಕಿ ಬೆಲೆ ಏರಿತು. ಅಕ್ಕಿ ಕೊಂಡು ಉಣ್ಣುವ ಪಶ್ಚಿಮ ಆಫ್ರಿಕಾದ ಮನೆಗಳಿಗೆ ಆ ಬಿಸಿ ತಟ್ಟಿತು. ಇಲ್ಲಿನ ಭತ್ತದ ರೈತನಿಗೂ ಒಳ್ಳೆಯ ಬೆಲೆ ತಪ್ಪಿತು. ಈ ಸಂತೆಯಲ್ಲಿ ನಾವೀಗ ದೊಡ್ಡ ಸಾಹುಕಾರರು.

## ಕಠಿಣ ಪ್ರಶ್ನೆಗಳು

ನೆರವಿನ ದುಡ್ಡೆಲ್ಲ ಅಲ್ಲಿನ ದೊಡ್ಡವರು ನುಂಗ್ತಾರೆ. ಕೊಡೋದೇ ದಂಡ ಅಲ್ವಾ?

ನುಂಗಿದವರು ಇದ್ದಾರೆ. ಈಗಿನ ಕಾಂಗೋ ದೇಶವನ್ನು 1965ರಿಂದ 1997ರವರೆಗೆ ಆಳಿದ ಮೊಬುಟು ಕಣ್ಣೆದುರೇ ಲೂಟಿ ಮಾಡುತ್ತಿದ್ದರೂ ಪಶ್ಚಿಮದ ದೇಶಗಳು ಹಣ ಸುರಿದವು. ಶೀತಲ ಸಮರದಲ್ಲಿ ಆತ ತಮ್ಮ ಕಡೆಯವನು ಎಂಬುದಷ್ಟೇ ಕಾರಣ. ಕೊಡುವವರ ಕೈಯೂ ಯಾವಾಗಲೂ ಶುದ್ಧವಲ್ಲ. ಮಲೇಷ್ಯಾದ ಪೆರ್ಗಾವ್ ಅಣೆಕಟ್ಟೆಗೆ ಬ್ರಿಟನ್ ಕೊಟ್ಟ ನೆರವು ಶಸ್ತ್ರಾಸ್ತ್ರ ಮಾರಾಟದ ಮಾತುಕತೆಯೊಂದಿಗೆ ಹೆಣೆದುಕೊಂಡಿತ್ತು. ಆ ನೆರವು ಕಾನೂನುಬಾಹಿರ ಎಂದು 1994ರಲ್ಲಿ ಅಲ್ಲಿನ ನ್ಯಾಯಾಲಯವೇ ಹೇಳಿತು. ಇನ್ನು ನುಂಗಿದ ಹಣ ಹೋಗಿ ಸೇರುವುದು ಎಲ್ಲಿಗೆ? ಆಫ್ರಿಕಾದಿಂದ ವರ್ಷಕ್ಕೆ ಸುಮಾರು 8,860 ಕೋಟಿ ಡಾಲರ್ ಅಕ್ರಮವಾಗಿ ಹೊರಹೋಗುತ್ತದೆ ಎಂದು ವಿಶ್ವಸಂಸ್ಥೆಯ ವ್ಯಾಪಾರ ವಿಭಾಗ 2020ರಲ್ಲಿ ಅಂದಾಜು ಮಾಡಿತು. ಅದನ್ನು ಬಚ್ಚಿಡಲು ಬೇಕಾದ ಬ್ಯಾಂಕುಗಳು, ವಕೀಲರು ಬಹುಮಟ್ಟಿಗೆ ಶ್ರೀಮಂತ ನಾಡುಗಳಲ್ಲೇ ಇದ್ದಾರೆ.

ಹಾಗೆಂದು ‘ದಂಡ’ ಎಂದರೆ ನಾನು ಒಪ್ಪುವುದಿಲ್ಲ. ಸಿಡುಬು ಈ ದೇಶದಲ್ಲಿ ಕೊನೆಯದಾಗಿ ಕಂಡದ್ದು 1975ರಲ್ಲಿ. ಅದನ್ನು ಓಡಿಸಿದ್ದು ನಮ್ಮ ಆರೋಗ್ಯ ಕಾರ್ಯಕರ್ತರ ಕಾಲ್ನಡಿಗೆ ಮತ್ತು ಹೊರದೇಶಗಳ ಲಸಿಕೆ, ಹಣ, ತಜ್ಞರು ಸೇರಿ. ಮೈಸೂರಿನಲ್ಲಿ 2004ರಲ್ಲಿ ಶುರುವಾದ ಆಶೋದಯ ಸಮಿತಿಯನ್ನು ನೋಡಿ. ಎಚ್‌ಐವಿ ತಡೆಯಲು ಹೊರಗಿನ ಹಣ ಬಂದಾಗ ಲೈಂಗಿಕ ಕಾರ್ಮಿಕ ಮಹಿಳೆಯರೇ ಅದರ ಮುಂದಾಳತ್ವ ವಹಿಸಿದರು. ಊರು ಮಾತಾಡಿಸಲೂ ಹಿಂಜರಿಯುತ್ತಿದ್ದವರು ಬೇರೆ ರಾಜ್ಯದವರಿಗೆ ಪಾಠ ಹೇಳಿದರು. ಲೆಕ್ಕ ಕೇಳುವ ಹಕ್ಕು ಫಲಾನುಭವಿಯ ಕೈಯಲ್ಲಿದ್ದರೆ ನುಂಗುವುದು ಕಷ್ಟ.

ಯುಎಸ್‌ಏಡ್ ಮುಚ್ಚಿದರಲ್ಲ. ಎಲ್ಲರೂ ಕುಣಿದಾಡಿದರು. ನೀವೇನಂತೀರಿ?

ಅಮೆರಿಕ ಸರ್ಕಾರದ ವಿದೇಶಿ ನೆರವನ್ನು ಹಂಚಲು 1961ರಲ್ಲಿ ಹುಟ್ಟಿದ ಆ ಸಂಸ್ಥೆಯನ್ನು 2025ರ ಜುಲೈ 1ಕ್ಕೆ ಮುಗಿಸಿದರು. ಅದರ ಶೇ 83ರಷ್ಟು ಯೋಜನೆಗಳನ್ನು ರದ್ದು ಮಾಡಿದ್ದಾಗಿ ಮಾರ್ಚ್‌ನಲ್ಲೇ ಅಮೆರಿಕದ ವಿದೇಶಾಂಗ ಸಚಿವರು ಹೇಳಿದ್ದರು. ಆ ಸಂಸ್ಥೆಯ ರಾಜಕೀಯದ ಮೇಲೆ ನನಗೂ ಆಕ್ಷೇಪಗಳಿದ್ದವು. ಆದರೆ ಎಚ್‌ಐವಿ ಮಾತ್ರೆಯನ್ನು ದಿನವೂ ನುಂಗಬೇಕು. ಕ್ಷಯಕ್ಕೆ ಔಷಧಿಯನ್ನು ನಡುವೆ ನಿಲ್ಲಿಸಿದರೆ ರೋಗ ಇನ್ನಷ್ಟು ಬಲಿಯುತ್ತದೆ. ಬೇಸಿಗೆ ಬೆಳೆಗೆ ನೀರು ಬಿಡುತ್ತೇವೆಂದು ಹೇಳಿ, ನಾಟಿ ಮಾಡಿದ ಮೇಲೆ ರಾತ್ರೋರಾತ್ರಿ ನಾಲೆ ಬಂದ್ ಮಾಡಿದರೆ ಏನಾಗುತ್ತದೆಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯವರಿಗೆ ಗೊತ್ತು. ನಿಲ್ಲಿಸಲೇಬೇಕಿದ್ದರೆ ನಾಲ್ಕೈದು ವರ್ಷ ಮೊದಲೇ ಹೇಳಿ, ಆಯಾ ಸರ್ಕಾರಗಳಿಗೆ ಹೊಣೆ ದಾಟಿಸಿ ನಿಲ್ಲಿಸಬಹುದಿತ್ತು. ನನಗೆ ಕುಣಿಯುವ ಮನಸ್ಸಾಗಲಿಲ್ಲ.

ಯೋಜನೆ ಗೀಜನೆ ಬಿಟ್ಟು ಬಡವರ ಕೈಗೇ ದುಡ್ಡು ಕೊಟ್ಟರೆ ಕುಡಿದು ಹಾಳು ಮಾಡ್ತಾರಾ?

ಬಡವರ ಕೈಗೆ ಹಣ ಕೊಡುವ ಯೋಜನೆ ಶುರುವಾದಾಗ ಇದೇ ಅನುಮಾನ ಮೆಕ್ಸಿಕೋದಲ್ಲಿ 1997ರಲ್ಲೂ ಬ್ರೆಜಿಲ್‌ನಲ್ಲಿ 2003ರಲ್ಲೂ ಎದ್ದಿತ್ತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಕೈಗೆ ಹಣ ಸಿಕ್ಕವರ ಕುಡಿತದ ಖರ್ಚು ಹೆಚ್ಚಿಲ್ಲ. ಊಟ, ಮಕ್ಕಳ ಓದು, ಕುರಿ, ತಗಡಿನ ಸೂರಿಗೆ ಖರ್ಚಾಗಿದೆ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಗೆ 2023ರ ಆಗಸ್ಟ್ 30ರಂದು ಚಾಲನೆ ಸಿಕ್ಕಿದ್ದು ಮೈಸೂರಿನಲ್ಲೇ. ನಮ್ಮ ಬೀದಿಯ ಹೆಂಗಸರು ಅದರಲ್ಲಿ ಚೀಟಿ ಕಟ್ಟಿದ್ದನ್ನು, ಮಿಕ್ಸಿ ಕೊಂಡದ್ದನ್ನು, ಮಗಳ ಬಸ್ ಪಾಸಿಗೆ ಎತ್ತಿಟ್ಟಿದ್ದನ್ನು ಕಂಡಿದ್ದೇನೆ. ಆದರೆ ಕೈಗೆ ಬಂದ ದುಡ್ಡಿನಿಂದ ಊರಿಗೆ ಡಾಕ್ಟರು ಬರುವುದಿಲ್ಲ, ನಾಲೆ ಹೂಳು ಎತ್ತುವುದಿಲ್ಲ. ಅವು ಎಲ್ಲರೂ ಸೇರಿ ಮಾಡಬೇಕಾದ ಕೆಲಸ.

ಚೀನಾ, ಕೊರಿಯಾ ಮೇಲೆ ಬಂದದ್ದು ನೆರವಿನಿಂದಲೋ ವ್ಯಾಪಾರದಿಂದಲೋ? (ಎಂ.ಎ. ವಿದ್ಯಾರ್ಥಿನಿಯ ಕಾಗದ)

ಚೀನಾದಲ್ಲಿ ನಾಲ್ಕು ದಶಕಗಳಲ್ಲಿ 80 ಕೋಟಿಯಷ್ಟು ಜನ ಕಡುಬಡತನ ದಾಟಿದರು. ಅದರಲ್ಲಿ ಹೊರಗಿನ ನೆರವಿನ ಪಾಲು ತೀರ ಸಣ್ಣದು. ಮೊದಲ ಹೆಜ್ಜೆ ಹಳ್ಳಿಗಳಲ್ಲೇ ಆಯಿತು, ಜಮೀನಿನ ಬೇಸಾಯ ಮನೆಮನೆಯ ಹೊಣೆಗೆ ಬಂದಾಗ. ದಕ್ಷಿಣ ಕೊರಿಯಾ ಹಾಗಲ್ಲ. ಯುದ್ಧದ ನಂತರ ಅಪಾರ ನೆರವು ಪಡೆಯಿತು. ಭೂಸುಧಾರಣೆ, ಶಾಲೆ, ರಫ್ತು ಕೈಗಾರಿಕೆ ಮೂರನ್ನೂ ಕಟ್ಟಿಕೊಂಡು 2010ರಲ್ಲಿ ದಾನಿ ದೇಶಗಳ ಕೂಟವನ್ನೇ ಸೇರಿತು. ಎರಡೂ ಕಡೆ ಸುಂಕವನ್ನು ತಮಗೆ ಬೇಕಾದಾಗ, ಬೇಕಾದಷ್ಟೇ ಇಳಿಸಿದರು. ‘ಇದೋ ಅದೋ’ ಎನ್ನುವ ಬದಲು, ನಿರ್ಧಾರ ಎಲ್ಲಿ ಆಗುತ್ತಿತ್ತು ಎಂದು ಹುಡುಕಿದರೆ ನಿನ್ನ ಪ್ರಬಂಧ ಗಟ್ಟಿಯಾಗುತ್ತದಮ್ಮ.

ನಮ್ಮ ಮಹಿಳಾ ಸಂಘಕ್ಕೆ ಹೊರದೇಶದಿಂದ ದೇಣಿಗೆ ತರಬಹುದಾ?

ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಪಡೆಯಬೇಡಿ. ನೋಂದಣಿಗೆ ಸಂಘಕ್ಕೆ ಕನಿಷ್ಠ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಸೇವಾ ಕೆಲಸಕ್ಕೆ ಖರ್ಚಾಗಿರಬೇಕು. 2020ರ ತಿದ್ದುಪಡಿಯ ನಂತರ ಹಣ ಬರಬೇಕಾದದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಆಡಳಿತ ಖರ್ಚು ಶೇ 20 ಮೀರುವಂತಿಲ್ಲ, ಬಂದ ಹಣವನ್ನು ಇನ್ನೊಂದು ಸಂಘಕ್ಕೆ ದಾಟಿಸುವಂತಿಲ್ಲ. ‘ನಾವು ಮಾಡಿಸಿಕೊಡ್ತೀವಿ’ ಎಂದು ಮುಂಗಡ ಕೇಳುವವರನ್ನು ದೂರ ಇಡಿ.

ನಮ್ಮಲ್ಲೇ ಬಡವರಿರುವಾಗ ಭಾರತ ಯಾಕೆ ಬೇರೆಯವರಿಗೆ ಕೊಡಬೇಕು?

ಭಾರತದ ನೆರವಿನಲ್ಲಿ ದೊಡ್ಡ ಪಾಲು ಭೂತಾನದಂಥ ನೆರೆಯವರಿಗೆ ಹೋಗುತ್ತದೆ. ಅಲ್ಲಿ ಕಟ್ಟಿದ ಜಲವಿದ್ಯುತ್ ನಮಗೇ ಮಾರಾಟವಾಗುತ್ತದೆ. ಹಣಕ್ಕಿಂತ ತರಬೇತಿ ಕೊಡುವ ಐಟೆಕ್ ಯೋಜನೆ 1964ರಿಂದ ನಡೆದಿದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ 1960ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಜೊತೆ ಸೇರಿ ಅಂತರರಾಷ್ಟ್ರೀಯ ತರಬೇತಿ ಕೇಂದ್ರ ತೆರೆದರು. ಏಷ್ಯಾ, ಆಫ್ರಿಕಾದ ಹುಡುಗರು ಚೆಲುವಾಂಬ ಮ್ಯಾನ್ಷನ್ ಆವರಣದಲ್ಲಿ ಆಹಾರ ತಂತ್ರಜ್ಞಾನ ಕಲಿತು ಹೋದರು. ಬೈಲಕುಪ್ಪೆಯೂ ನಮ್ಮ ಕೊಡುಗೆಯೇ. ಮನೆಮಠ ಬಿಟ್ಟು ಬಂದ ಟಿಬೆಟ್ಟಿನವರಿಗೆ 1960ರ ಆಸುಪಾಸಿನಲ್ಲಿ, ನಮ್ಮಲ್ಲೇ ಅನ್ನಕ್ಕೆ ಪರದಾಟವಿದ್ದಾಗ, ಮೈಸೂರು ರಾಜ್ಯ ನೆಲ ಕೊಟ್ಟಿತು. ಇಂದು ಅವರು ಬೆಳೆದ ಮುಸುಕಿನ ಜೋಳ ಪಿರಿಯಾಪಟ್ಟಣದ ಸುತ್ತಲ ಮಾರುಕಟ್ಟೆಗೆ ಬರುತ್ತದೆ.

ಆಫ್ರಿಕಾದೋರಿಗೆ ನಾವು ಕೊಡೋದು ಸರಿ. ಅವರಿಂದ ನಮಗೇನಾದ್ರೂ ಬಂದೈತಾ ಸಾ?

ನೀವು ಮಧ್ಯಾಹ್ನ ಉಂಡ ಮುದ್ದೆ ಅಲ್ಲಿಂದ ಬಂದದ್ದು. ರಾಗಿಯ ತವರು ಇಥಿಯೋಪಿಯಾ, ಉಗಾಂಡದ ಎತ್ತರದ ಸೀಮೆ; ಸಾವಿರಾರು ವರ್ಷಗಳ ಹಿಂದೆ ಸಮುದ್ರ ದಾಟಿ ಬಂದು ನಮ್ಮದಾಯಿತು.

ಎರಡನೆಯ ಸಲ ಅದು ಬಂದದ್ದು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂಗೆ. ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ಆಫ್ರಿಕಾದ ರಾಗಿಯನ್ನು ನಮ್ಮ ನಾಟಿ ರಾಗಿಯ ಜೊತೆ ಕೂಡಿಸಿದರು. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ತನ್ನೊಳಗೇ ಪರಾಗ ಸೇರಿಸಿಕೊಳ್ಳುವಂಥದು. ಎರಡು ತಳಿ ಕೂಡಿಸುವುದು ಬಹಳ ತಾಳ್ಮೆಯ ಕೆಲಸ. ಆಫ್ರಿಕಾದ ರಾಗಿಯ ದಪ್ಪ ತೆನೆ, ಗಟ್ಟಿ ದಂಟು ನಮ್ಮ ರಾಗಿಗೆ ಬಂದವು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’ ಸೇರಿಸಿ ಅವರು ಇಟ್ಟ ಹೆಸರು ಇಂಡಾಫ್. ಇಂಡಾಫ್ 5, ಇಂಡಾಫ್ 8, ಇಂಡಾಫ್ 9 ಎಂದು ನಮ್ಮ ಕಡೆಯ ಹಿರಿಯ ಬೇಸಾಯಗಾರರು ಈಗಲೂ ಎಣಿಸಿ ಹೇಳುತ್ತಾರೆ.